ಆಜ್ಞೆ ಕೇಳಿಸಿತ್ತು ಎಂದ ಕಮಾಂಡರ್

ಹಿರಿಯರೇ, ಒಡನಾಡಿಗಳೇ, ಅಗಲಿದ ನಮ್ಮ ಕಮಾಂಡರ್ ಅವರ ಮಡದಿ ಫಾಯಿನಾ ಲ್ವೋವ್ನಾ ಅವರೇ, ಮಗಳೇ ಜ್ಲಾತಾ — ಅವರನ್ನು ನೆನೆಯಲು ಈ ಚಳಿಯಲ್ಲಿ ಇಷ್ಟು ಜನ ಬಂದಿದ್ದೀರಿ. ಎಲ್ಲರಿಗೂ ನಮಸ್ಕಾರ.

ನಾನು ಗ್ಲೇಬ್ ಅರ್ದಾಲ್ಯೊನವಿಚ್. ಹಿಂದೆ ಕೂತಿರುವ ಹೊಸಬರಿಗಾಗಿ ಹೇಳುತ್ತೇನೆ — ನಾವು ಹೋದ ಆ ಬಾಹ್ಯಾಕಾಶ ನೌಕೆಯಲ್ಲಿ ಇದ್ದದ್ದು ಎರಡೇ ಆಸನ. ಎಡಗಡೆಯದು ಕಮಾಂಡರ್ ರೋದಿಯೋನ್ ಸವೇಲ್ಯೆವಿಚ್ ಕ್ರುತಿಖಿನ್ ಅವರದು, ಬಲಗಡೆಯದು ನನ್ನದು. ಮೊಣಕೈಯನ್ನು ಇಷ್ಟು ಎತ್ತಿದರೆ ಸಾಕು, ಅವನ ಪಕ್ಕೆಗೆ ತಾಗುತ್ತಿತ್ತು.

ರೋದ್ಯಾ — ನಾನು ಅವನನ್ನು ಕರೆಯುತ್ತಿದ್ದದ್ದು ಹಾಗೆ — ವೋಲ್ಗಾ ನದಿಯಲ್ಲಿ ದೋಣಿ ನಡೆಸುವವರ ಮಗ. ಯುದ್ಧವಿಮಾನ ಹಾರಿಸುತ್ತಿದ್ದವನನ್ನು ಇಲ್ಲಿಗೆ ಕರೆತಂದರು. ಆ ಕಾಲದಲ್ಲಿ ವೈದ್ಯರಿಗೂ ಏನೂ ಗೊತ್ತಿರಲಿಲ್ಲ. ನಮ್ಮನ್ನು ಯಂತ್ರದಲ್ಲಿ ಕೂರಿಸಿ ಗಿರಗಿರನೆ ತಿರುಗಿಸುತ್ತಿದ್ದರು. ಎದೆಯ ಮೇಲೆ ಬಂಡೆ ಹೇರಿದಂತೆ ಆಗುತ್ತಿತ್ತು. "ಹೇಗಿದೆ, ಕ್ರುತಿಖಿನ್?" ಎಂದು ವೈದ್ಯರು ಕೇಳಿದರೆ ಇವನು, "ನಮ್ಮತ್ತೆ ಬಂದು ಎದೆ ಮೇಲೆ ಕೂತವ್ರೆ. ಎದ್ದೇಳಿ ಅನ್ನೋಕೆ ಧೈರ್ಯ ಇಲ್ಲ" ಎನ್ನುತ್ತಿದ್ದ. — ನಿಮ್ಮ ಅಮ್ಮನ ಮಾತೆತ್ತಿದ್ದಕ್ಕೆ ಕ್ಷಮಿಸಿ, ಫಾಯಿನಾ. ಅದು ಅವನ ಮಾತು, ನನ್ನದಲ್ಲ.

ಈಗ ಆ ದಿನದ ವಿಷಯ.

ಭೂಮಿಗೆ ಮರಳುವ ಹೊತ್ತು. ನೌಕೆ ಹಿಂದುಮುಂದಾಗಿ ತಿರುಗಿ ನಿಲ್ಲಬೇಕು, ಆಮೇಲೆ ಎಂಜಿನ್ ಉರಿಸಬೇಕು. ಆಗ ವೇಗ ತಗ್ಗಿ ನಾವು ಕೆಳಗಿಳಿಯುತ್ತೇವೆ. ತಿರುಗಿಸುವ ಕೆಲಸ ಯಂತ್ರದ್ದು. ಎಲ್ಲ ಸರಿಯಾಗಿದೆ ಎಂದು ದೀಪ ಹೊತ್ತಿಕೊಂಡಿತು. ನಾನು ಬೆಲ್ಟು ಬಿಗಿದುಕೊಂಡೆ. ರೋದ್ಯಾ ಮಾತ್ರ ಕಾಲಬಳಿಯ ಕಿಟಕಿಯನ್ನೇ ನೋಡುತ್ತಿದ್ದ.

"ಗ್ಲೇಬ್, ನೋಡಿಲ್ಲಿ. ಭೂಮಿ ಯಾವ ಕಡೆ ಓಡ್ತಿದೆ?"

ನೋಡಿದೆ. ನೌಕೆ ತಿರುಗಿಯೇ ಇರಲಿಲ್ಲ. ಹಾಗೆಯೇ ಉರಿಸಿದ್ದರೆ ಇನ್ನೂ ಮೇಲಕ್ಕೆ ಹೋಗುತ್ತಿದ್ದೆವು — ಮರಳಿ ಬರಲು ಇಂಧನ ಉಳಿಯುತ್ತಿರಲಿಲ್ಲ.

ರೇಡಿಯೋದಲ್ಲಿ ಹೇಳಿದ. ಕೆಳಗಿನವರು ನಂಬಲಿಲ್ಲ. "ದೀಪ ಹೊತ್ತಿದೆಯಲ್ಲ? ಉರಿಸಿ. ಇದು ಆಜ್ಞೆ."

"ಕೇಳಿಸ್ತು," ಎಂದ ರೋದ್ಯಾ. "ಉರಿಸಲ್ಲ. ದೀಪ ನಿಮಗೂ ಕಾಣುತ್ತೆ, ಕಿಟಕಿ ನನಗೆ ಮಾತ್ರ ಕಾಣೋದು. ಇನ್ನೊಂದು ಸುತ್ತು ಹಾಕ್ತೀವಿ, ನಾನೇ ಕೈಯಾರೆ ತಿರುಗಿಸ್ತೀನಿ."

ಆ ಸುತ್ತು — ನನ್ನ ಬದುಕಿನಲ್ಲಿ ಅಷ್ಟು ಉದ್ದದ ದಾರಿ ಬೇರೆ ಇಲ್ಲ. ಅವನು ಹಿಡಿಯನ್ನು ಎರಡು ಬೆರಳಲ್ಲಿ — ಹೀಗೆ — ಮೊಟ್ಟೆ ಹಿಡಿದಂತೆ ಹಿಡಿದು ನೌಕೆಯನ್ನು ಹೊರಳಿಸಿದ. "ಉಸಿರಾಡೋ ಮಾರಾಯ," ಎಂದು ನನ್ನನ್ನೇ ಗದರಿಸಿದ. ಆಮೇಲೆ ಉರಿಸಿದ.

ಇಳಿಯಬೇಕಾದ ಜಾಗದಿಂದ ಬಹಳ ಪಶ್ಚಿಮಕ್ಕೆ, ಕಜಾಕರ ಬಯಲಲ್ಲಿ, ಹಿಮದ ಮೇಲೆ ಉರುಳಿಬಿದ್ದೆವು. ಮೊದಲು ನಮ್ಮನ್ನು ಕಂಡದ್ದು ಕುದುರೆಯೇರಿದ ಒಬ್ಬ ಮುದುಕ, ಕುರಿ ಕಾಯುವವನು. ಮನೆಗೆ ಕರೆದೊಯ್ದ. ರೋದ್ಯಾ ಬಾಗಿಲಿಗೆ ಹಣೆ ಚಚ್ಚಿಕೊಂಡ. ಮುದುಕ ನಕ್ಕ: "ಅಷ್ಟು ಮೇಲಿಂದ ಸರಿಯಾಗಿ ಬಂದ್ಯಲ್ಲಪ್ಪ, ನಮ್ಮನೆ ಬಾಗ್ಲು ಕಾಣ್ಲಿಲ್ವಾ?" ಇಡೀ ಯಾನದಲ್ಲಿ ಆದ ಗಾಯ ಅದೊಂದೇ.

ಆಮೇಲೆ ವಿಚಾರಣೆ. ಯಂತ್ರ ಕೆಟ್ಟಿದ್ದದ್ದು ಸಾಬೀತಾಯಿತು. ಆದರೆ ಆಜ್ಞೆ ಕೊಟ್ಟವರು ದೊಡ್ಡವರು. ಅವರ ಪರವಾಗಿ ಒಬ್ಬರು ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ರೇಡಿಯೋ ಗರಗರ ಅಂತಿತ್ತು, ಆಜ್ಞೆ ಕೇಳಿಸ್ಲಿಲ್ಲ ಅಂದ್ಬಿಡಿ. ಮುಂದಿನ ಯಾನನೂ ನಿಮ್ಮದೇ."

ನಾನು ಅವನ ಮುಖ ನೋಡಿದೆ. ನಿಜ ಹೇಳುತ್ತೇನೆ, ಒಪ್ಪಿಕೊಳ್ಳಲಿ ಎಂದೇ ನನಗಿತ್ತು.

"ಚೆನ್ನಾಗಿ ಕೇಳಿಸಿತ್ತು," ಎಂದ. "ಕೇಳಿಸ್ಲಿಲ್ಲ ಅಂದ್ರೆ ರೇಡಿಯೋ ರಿಪೇರಿ ಮಾಡ್ತೀರಿ. ನಾಳೆ ಹೋಗೋ ಹುಡುಗ್ರಿಗೆ ಕೈಯಲ್ಲಿ ಇಳಿಸೋದು ಯಾರು ಕಲಿಸ್ತಾರೆ?"

ಅವನು ಮತ್ತೆ ಹಾರಲಿಲ್ಲ. ನಾನು ಹಾರಿದೆ, ಅವನು ಹಾರಲಿಲ್ಲ. ಆದರೆ ಹಟ ಹಿಡಿದು ಹಟ ಹಿಡಿದು ಕೈಯಾರೆ ಇಳಿಸುವ ಪಾಠವನ್ನು ತರಬೇತಿಗೆ ಸೇರಿಸಿದ. ತಾನೇ ಕಲಿಸಿದ, ಗದರಿದ, ಕಿವಿ ಹಿಂಡಿದ. ಮೂರನೆಯ ಸಾಲಿನಲ್ಲಿ ಕೂತಿದ್ದಾನಲ್ಲ, ಇಲ್ದಾರ್ — ಏಳಪ್ಪಾ, ನಾಚಿಕೋಬೇಡ — ಇವನ ನೌಕೆಯಲ್ಲೂ ಯಂತ್ರ ಕೈಕೊಟ್ಟಿತು. ಕೆಳಗಿನವರು ಕೇಳಿದ್ದು ಒಂದೇ ಮಾತು: "ಕಿಟಕಿಯಲ್ಲಿ ಏನು ಕಾಣುತ್ತೆ, ಕಮಾಂಡರ್?" ಇವನ ಜೊತೆಗೆ ಇನ್ನಿಬ್ಬರು ಅಂದು ಮನೆಗೆ ಮರಳಿದರು.

ಕೊನೆಯ ಸಲ ಆಸ್ಪತ್ರೆಯಲ್ಲಿ ಕೇಳಿದೆ: "ರೋದ್ಯಾ, ಅವತ್ತು ಕೇಳಿಸ್ಲಿಲ್ಲ ಅಂತ ಆ ಒಂದು ಮಾತು ಹೇಳಿದ್ದಿದ್ರೆ?"

"ಒಂದ್ಸಲ ಹೋದೆ, ಒಂದ್ಸಲ ಸರಿಯಾಗಿ ಬಂದೆ. ಲೆಕ್ಕ ಚುಕ್ತಾ," ಎಂದ. "ನೀನು ಮೊದ್ಲು ಹೋಗಿ ಫಾಯಿನಾಗೆ ಹೇಳು, ಸೂಪಿಗೆ ಉಪ್ಪು ಹಾಕಕ್ಕೆ."

ಉದ್ದ ಭಾಷಣ ಅವನಿಗೆ ಆಗುತ್ತಿರಲಿಲ್ಲ. ಇಷ್ಟು ಹೊತ್ತಿಗೆ ಸಿಗರೇಟಿನ ನೆಪ ಹೇಳಿ ಹೊರಗೆ ಹೋಗಿಬಿಡುತ್ತಿದ್ದ. ನಾನೂ ನಿಲ್ಲಿಸುತ್ತೇನೆ.

ಬನ್ನಿ, ಎಲ್ಲರೂ ಎದ್ದು ನಿಲ್ಲೋಣ. ಇಲ್ದಾರ್, ನೀನೂ ನಿನ್ನ ಜೊತೆ ಮರಳಿದ ಆ ಇಬ್ಬರೂ ಮುಂದೆ ಬಂದು ಫಾಯಿನಾ ಅವರ ಪಕ್ಕದಲ್ಲಿ ನಿಲ್ಲಿ. ಹಾಂ, ಅಲ್ಲೇ.

ಇನ್ನು ಮಾತು ಬೇಡ.