ಪಳಗಿದ ಡಾಕ್ಟರು ಸಿಕ್ಕ ಬಗೆ

ಮಾನ್ಯ ಅಧ್ಯಕ್ಷರೇ, ಇಂದಿನ ಸನ್ಮಾನಿತರಾದ ಡಾಕ್ಟರೇ, ಸಭಿಕರೇ, ಹಾಗೂ ಮೊದಲ ಸಾಲಿನಲ್ಲಿ ಕೂತು ‘ಬೇಗ ಮುಗಿಸಿ’ ಎಂದು ಕಣ್ಸನ್ನೆ ಮಾಡುತ್ತಿರುವ ನನ್ನ ಧರ್ಮಪತ್ನಿಯೇ,

ಮೂವತ್ತೊಂದು ವರ್ಷ ಈ ಗ್ರಂಥಾಲಯದಲ್ಲಿ ‘ಸದ್ದು ಮಾಡಬೇಡಿ’ ಎಂದು ಹೇಳಿಯೇ ಅನ್ನ ಉಂಡವನು ನಾನು. ಹೋದ ವರ್ಷ ಮೂತ್ರದಲ್ಲಿ ರಕ್ತ ಕಂಡಾಗಲೂ ಸದ್ದು ಮಾಡಲಿಲ್ಲ. ವೈದ್ಯಕೀಯದ ಪುಸ್ತಕವೊಂದನ್ನು ಪತ್ರಿಕೆಯಲ್ಲಿ ಸುತ್ತಿ, ಕಳ್ಳನಂತೆ ಮನೆಗೆ ಒಯ್ದೆ. ಓದಿದಷ್ಟೂ ಹೆದರಿಕೆ ಹೆಚ್ಚಿತು. ಈ ಪುಟ್ಟ ಊರಿನಲ್ಲಿ ಮೂತ್ರರೋಗದ ತಜ್ಞರನ್ನು ಎಲ್ಲಿ ಹುಡುಕುವುದು? ಯಾರನ್ನು ಕೇಳುವುದು? ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗದೆ ಇರುತ್ತದೆಯೇ?

ನಮ್ಮಣ್ಣನಿಗೂ ಹೀಗೇ ಆಗಿತ್ತು. “ನಿಮ್ಮತ್ತಿಗೆಗೆ ಹೇಳ್ಬೇಡ ಕಣೋ” ಅಂದ. ನಾನು ಹೇಳಲಿಲ್ಲ. ಅವನು ಹಾಸಿಗೆ ಹಿಡಿದು ತೀರಿಕೊಳ್ಳುವವರೆಗೂ ಹೇಳಲಿಲ್ಲ. ಕ್ಷಮಿಸಿ, ಇದನ್ನು ಬರೆದುಕೊಂಡು ಬಂದಿರಲಿಲ್ಲ. ಅತ್ತಿಗೆ ಇಲ್ಲೇ ಕೂತಿದ್ದಾರೆ.

ಮೂರು ತಿಂಗಳಾದ ಮೇಲೆ ನನ್ನ ಬಟ್ಟೆಯ ಮೇಲಿನ ಕಲೆ ಹೆಂಡತಿಯ ಕಣ್ಣಿಗೆ ಬಿತ್ತು. ಆಕೆ ಹೊಲಿಗೆ ಅಂಗಡಿ ಇಟ್ಟವಳು. ಮರುದಿನ ಬಂದ ಪ್ರತಿಯೊಬ್ಬ ಹೆಂಗಸನ್ನೂ ಅಳತೆ ತೆಗೆಯುತ್ತಲೇ ಕೇಳಿದಳಂತೆ: “ನಮ್ಮನೆಯವ್ರಿಗೆ ಮೂತ್ರದಲ್ಲಿ ರಕ್ತ ಹೋಗ್ತಿದೆ. ಪಳಗಿದ ಡಾಕ್ಟ್ರು ಯಾರಾದ್ರೂ ಗೊತ್ತಾ?”

ನನ್ನ ಮಾನ ಹರಾಜಾಯಿತು ಎಂದು ಕೂಗಾಡಿದೆ. “ಮಾನ ಹೋದ್ರೆ ಹೋಗ್ಲಿ ಬಿಡಿ, ನೀವು ಉಳೀಬೇಕು” ಎಂದಳು.

ಅಂದೇ ಸಂಜೆ ಅಂಚೆ ಮಾಸ್ತರರ ಹೆಂಡತಿ ಹೇಳಿದರು: “ಲೈಬ್ರರೀಲಿ ದಿನಾ ಪದಬಂಧ ಬಿಡಿಸ್ತಾರಲ್ಲ, ಅವ್ರೇ ಕಣ್ರೀ! ನಮ್ಮ ಮಾವನ್ನ ಅವ್ರೇ ನೋಡಿದ್ದು. ಮೂವತ್ತು ವರ್ಷ ಸಿಟೀಲಿ ಮೂತ್ರದ ಕಾಯಿಲೆಗಳಿಗೇ ಆಪರೇಷನ್ ಮಾಡಿದೋರು.”

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವುದು ಎಂದರೆ ಇದೇ ಅಲ್ಲವೇ? ನಾಲ್ಕು ವರ್ಷದಿಂದ ಅವರಿಗೆ ಪೆನ್ಸಿಲ್ ಕೊಡುತ್ತಿದ್ದವನು ನಾನೇ. ಏನು ಕೆಲಸದಲ್ಲಿದ್ದಿರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಅವರ ಮೇಜಿನ ಮುಂದೆ ನಿಂತು ತಡವರಿಸುತ್ತಲೇ ವಿಷಯ ಹೇಳಿದೆ. “ನೋವಿದೆಯಾ?” ಎಂದರು. ಇಲ್ಲ ಎಂದೆ. ಪತ್ರಿಕೆ ಮಡಚಿಟ್ಟರು. “ನೋವಿಲ್ದೆ ರಕ್ತ ಹೋದ್ರೆ ಕಾಯ್ಬಾರ್ದು. ಏಳಿ, ಈಗ್ಲೇ ಹೋಗೋಣ.”

ಮೂತ್ರಕೋಶದಲ್ಲಿ ಗಡ್ಡೆ ಇತ್ತು. ನಮ್ಮೂರ ಆಸ್ಪತ್ರೆಯಲ್ಲೇ, ಅದೇ ವಾರ, ಅವರೇ ತೆಗೆದರು. ಮೊನ್ನೆಯ ತಪಾಸಣೆಯಲ್ಲಿ ಏನೂ ಕಾಣಲಿಲ್ಲ. ಈಗ ಅವರು ಪ್ರತಿ ಶನಿವಾರ ಅಲ್ಲಿ ರೋಗಿಗಳನ್ನು ನೋಡುತ್ತಾರೆ.

ಮಹನೀಯರೇ, ಸಭೆ ಶುರುವಾದಾಗಿನಿಂದ ನಿಮ್ಮಲ್ಲಿ ಇಬ್ಬರು ಮೂರು ಮೂರು ಸಲ ಹೊರಗೆ ಹೋಗಿ ಬಂದಿರಿ. ಯಾರೆಂದು ಹೇಳುವುದಿಲ್ಲ. ಶನಿವಾರ ನಾಚದೆ ಹೋಗಿ. ಜೊತೆಗೆ ಬೇಕಿದ್ದರೆ ನಾನೇ ಬರುತ್ತೇನೆ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೂ, ನನ್ನನ್ನು ಉಳಿಸಿದ ಇಬ್ಬರಿಗೂ, ನಮಸ್ಕಾರ.