ಕರೆದರೆ ಬರುವ ಮಕ್ಕಳು

ಸಂಜೆ ಹಿಡಿದ ಮಳೆ ಬಿಡಲೇ ಇಲ್ಲ. ಮನೆ ಸಾಮಾನು ಸಾಗಿಸುವ ಲಾರಿಗಳ ಶೆಡ್ಡಿನಲ್ಲಿ ತಗಡಿನ ಸೂರು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕೆಂದರೆ ಹತ್ತಿರ ಬಂದು ಕೂರಬೇಕಿತ್ತು. ಹಾಗಾಗಿ ಹಮಾಲರೂ, ಡ್ರೈವರೂ, ಲಾರಿ ಮಾತಾಡಲು ಬಂದು ಸಿಕ್ಕಿಹಾಕಿಕೊಂಡಿದ್ದ ಗಂಡ ಹೆಂಡತಿಯೂ ಮಡಿಸಿಟ್ಟ ಕಂಬಳಿಗಳ ಮೇಲೆ, ರಟ್ಟಿನ ಪೆಟ್ಟಿಗೆಗಳ ಮೇಲೆ ಒತ್ತೊತ್ತಾಗಿ ಕೂತಿದ್ದರು. ಆ ದಂಪತಿ ಕೆಲಸ ಬದಲಾಗಿ ಈ ಊರಿಗೆ ಬರುವವರು. ಅವರ ಪುಟ್ಟ ಮಗಳು ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಎದುರಿಗೆ ಸುರುಳಿ ಸುತ್ತಿದ ಹಾಸಿಗೆಯ ಮೇಲೆ ಹಗ್ಗದಜ್ಜ ಕೂತಿದ್ದ. ಅವನು ಬಿಗಿದ ಗಂಟು ದಾರಿಯಲ್ಲಿ ಸಡಿಲವಾದದ್ದಿಲ್ಲ ಎಂದು ಬಂದ ಹೆಸರು ಅದು. ಈಗ ಬೀರು ಎತ್ತುವ ಶಕ್ತಿ ಹೋಗಿತ್ತು, ಸಿಡುಕು ಮಾತ್ರ ಹಾಗೇ ಉಳಿದಿತ್ತು.

“ಏರಿಯಾ ಚೆನ್ನಾಗಿದೆ ಅಜ್ಜಾ,” ಎಂದಳು ಹೆಂಡತಿ. “ಮಕ್ಕಳಿರೋ ಸಂಸಾರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸಾಯಂಕಾಲ ನಾವೇ ಹೋಗಿ ನಿಂತು ನೋಡಿದ್ವಿ. ಬೀದಿ ತುಂಬಾ ಮಕ್ಕಳು.”

“ಎಷ್ಟು ಹೊತ್ತು ನಿಂತಿದ್ರಿ?”

“ಕತ್ತಲಾಗ್ತಾ ಬಂತು. ಹೊರಟ್ವಿ.”

“ಹೊರಟ್ರಿ.” ಅಜ್ಜ ಮುಖ ಸಿಂಡರಿಸಿದ. “ಎಲ್ಲರೂ ಅಲ್ಲೇ ಎಡವೋದು. ಕೂತ್ಕೊಳ್ಳಿ, ಮಳೆಯಂತೂ ನಿಲ್ಲಲ್ಲ. ಲೋ, ಆ ಫೋನು ಒಳಗಿಡು. ನಾನು ಮಾತಾಡುವಾಗ ಫೋನು ತೀಡೋರನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ.”

ಹಮಾಲರ ಪೈಕಿ ಚಿಕ್ಕ ಹುಡುಗನೊಬ್ಬ ಫೋನನ್ನು ಜೇಬಿಗೆ ಹಾಕಿದ. ಅಜ್ಜ ಶುರು ಮಾಡಿದ.

“ನಿಮ್ಮ ಹಾಗೇ ಒಂದು ಸಂಸಾರ. ಗಂಡ ನೀರಿನ ಪಂಪು ಮಾರೋ ಕಂಪನೀಲಿದ್ದ, ಇಲ್ಲಿಗೆ ವರ್ಗ ಆಯ್ತು. ಹೆಂಡತಿ ಹಲ್ಲಿನ ಡಾಕ್ಟ್ರುಗಳಿಗೆ ಹಲ್ಲಿನ ಸೆಟ್ಟು ಮಾಡಿಕೊಡೋ ಲ್ಯಾಬಲ್ಲಿ ಕೆಲಸ ಮಾಡ್ತಿದ್ಲು. ಒಂದು ಹಲ್ಲು ಕೂದಲೆಳೆಯಷ್ಟು ಓರೆ ಇದ್ರೂ ಆಕೆ ಕಣ್ಣಿಗೆ ಬೀಳ್ತಿತ್ತಂತೆ. ಕಂಡದ್ದನ್ನ ಮಾತ್ರ ನಂಬೋ ಹೆಂಗಸು. ಅವರಿಗೊಬ್ಬನೇ ಮಗ. ಚೂಟಿ ಹುಡುಗ, ಆದ್ರೆ ಯಾರಾದ್ರೂ ಸ್ವಲ್ಪ ಗಟ್ಟಿಯಾಗಿ ಏನಾದ್ರೂ ಕೇಳಿದ್ರೆ ಮುಗೀತು, ನಾಲಿಗೆ ಹೊರಳೋದೇ ಇಲ್ಲ. ಮನೇಲಿ ಅಮ್ಮನ ಸೆರಗು ಹಿಡ್ಕೊಂಡು ಪಿಸಪಿಸ ಅಂತಿದ್ದ, ಹೊರಗೆ ಕಾಲಿಟ್ರೆ ಬಾಯಿಗೆ ಬೀಗ. ಹಳೇ ಶಾಲೇಲಿ ‘ಮೂಗ, ಮೂಗ’ ಅಂತ ರೇಗ್ಸಿ ರೇಗ್ಸಿ ಅವನ ಜೀವ ಹಿಂಡಿದ್ರು. ಅಮ್ಮನಿಗೆ ಇದ್ದದ್ದು ಒಂದೇ ಆಸೆ... ಹೊಸ ಊರಲ್ಲಾದ್ರೂ ಇವನಿಗೆ ನಾಲ್ಕು ಜನ ಸ್ನೇಹಿತರು ಸಿಗ್ಲಿ, ಇವನು ಬಾಯಿಬಿಟ್ಟು ಮಾತಾಡ್ಲಿ. ಅಷ್ಟೇ. ದೊಡ್ಡ ಆಸೆಯೇನಲ್ಲ, ಅಲ್ವಾ?

“ಮನೆ ಹುಡುಕಿದ್ರು ನೋಡಿ, ಕಾಲಲ್ಲಿದ್ದ ಚಪ್ಪಲಿ ಸವೆಯೋ ಹಾಗೆ ಹುಡುಕಿದ್ರು. ಒಂದು ಕಡೆ ಹೆಬ್ಬಾಗಿಲ ಮುಂದೇ ಲಾರಿಗಳು ಓಡಾಡ್ತವೆ. ಇನ್ನೊಂದು ಕಡೆ ದೊಡ್ಡ ಕಟ್ಟಡ, ಹೂದೋಟ, ಆದ್ರೆ ಹುಲ್ಲಿನ ಮೇಲೆ ಕಾಲಿಡಬೇಡಿ, ಚೆಂಡು ಆಡಬೇಡಿ, ಓಡಬೇಡಿ ಅಂತ ಬೋರ್ಡು. ಮತ್ತೊಬ್ಬ ಮನೆಯವನು ಹುಡುಗನ್ನ ಕಳ್ಳನನ್ನ ನೋಡಿದ ಹಾಗೆ ನೋಡಿ, ‘ಗೋಡೆ ಮೇಲೆ ಗೀಚ್ತಾನಾ?’ ಅಂತ ಕೇಳ್ದ. ಕೊನೆಗೆ ಒಂದು ಬೀದಿ ಸಿಕ್ತು. ಆಚೆ ತುದೀಲಿ ಗೋಡೆ, ಗಾಡಿ ಹಾಯೋದಿಲ್ಲ. ಎರಡೂ ಕಡೆ ಮರ. ಸಾಯಂಕಾಲ ಹೋಗಿ ನೋಡಿದ್ರೆ ಬೀದಿ ತುಂಬಾ ಮಕ್ಕಳು ಆಡ್ತಾವೆ, ಜಗಳ ಇಲ್ಲ, ಅಳು ಇಲ್ಲ. ಆಕೆಗೆ ಹೊಟ್ಟೆ ತಣ್ಣಗಾಯ್ತು. ಮನೆಯ ಮಾಲೀಕ ಬೇರೇನೂ ಕೇಳಲಿಲ್ಲ. ‘ಮಕ್ಕಳಿದಾರಾ?’ ಅಂದ. ಇದಾನೆ ಅಂದ್ರೆ, ‘ಹಾಗಾದ್ರೆ ಬನ್ನಿ, ನಾವು ಮಕ್ಕಳಿರೋರಿಗೇ ಕೊಡೋದು’ ಅಂದ. ಎಂಥ ದೊಡ್ಡ ಮನುಷ್ಯ ಅಂತ ಗಂಡ ಹೆಂಡ್ತಿ ದಾರಿಯುದ್ದಕ್ಕೂ ಹೊಗಳಿದ್ದೇ ಹೊಗಳಿದ್ದು. ಅಲ್ಲ, ಮಕ್ಕಳು ಅಂದ್ರೆ ಮೂಗು ಮುರಿಯೋ ಮನೆಯವರನ್ನ ನಾನು ಬೇಕಾದಷ್ಟು ನೋಡಿದೀನಿ. ಮಕ್ಕಳೇ ಬೇಕು ಅಂತ ಹಟ ಹಿಡಿಯೋನನ್ನ ನೀವು ಯಾರಾದ್ರೂ ನೋಡಿದೀರಾ?

“ಸಾಮಾನು ಇಳಿಸಿದ್ದು ನಾನೇ. ಹುಡುಗ ಅಮ್ಮನ ಹಿಂದೆ ಅವಿತು ನಿಂತಿದ್ದ. ‘ಏನಪ್ಪಾ, ನಿನ್ನ ಮಂಚ ಯಾವ ರೂಮಲ್ಲಿ ಹಾಕ್ಲಿ?’ ಅಂದೆ. ಬೆರಳಲ್ಲಿ ತೋರಿಸ್ದ, ಬಾಯಿ ಬಿಡಲಿಲ್ಲ. ಆ ಬೀದಿ ಜನ ಇದಾರಲ್ಲ... ನಾನು ಊರೂರು ಸುತ್ತಿದೀನಿ, ಅಂಥ ಗಂಟು ಮುಖದವರನ್ನ ಕಂಡಿಲ್ಲ. ಹೊಸಬರು ಬಂದಾಗ ಯಾರಾದ್ರೂ ಒಬ್ಬರು ಬಂದು, ಎಲ್ಲಿಂದ ಬಂದ್ರಿ, ಏನು ಕೆಲಸ ಅಂತ ತಲೆ ತಿನ್ನೋದುಂಟು. ಇಲ್ಲಿ ಒಂದು ನರಪಿಳ್ಳೆಯೂ ಹೊರಗೆ ಬರಲಿಲ್ಲ. ಎದುರುಮನೇಲಿ ಆಸ್ಪತ್ರೆ ಕೆಲಸದಿಂದ ನಿವೃತ್ತಿಯಾದ ಒಬ್ಬ ನರ್ಸಮ್ಮ ಇದ್ಲು. ಕಿಟಕೀಲಿ ನಿಂತು ಹುಡುಗನ್ನೇ ನೋಡ್ತಿದ್ಲು. ಕುಡಿಯೋಕೆ ನೀರು ಕೊಡಿ ತಾಯಿ ಅಂದೆ. ಪರದೆ ಎಳೆದ್ಲು.

“ಇನ್ನೊಂದು ಮಾತು. ಆ ಮನೆಗಳಲ್ಲೂ ಮಕ್ಕಳಿದ್ರು. ಅಚ್ಚುಕಟ್ಟಾಗಿ ತಲೆ ಬಾಚಿಕೊಂಡು ಶಾಲೆಗೆ ಹೋಗಿ ಬರ್ತಿದ್ರು, ಬಂದ ಮೇಲೆ ಹೊರಗೆ ಕಾಲಿಡ್ತಿರಲಿಲ್ಲ. ಹಾಗಾದ್ರೆ ಸಾಯಂಕಾಲ ಬೀದೀಲಿ ಆಡೋ ಮಕ್ಕಳು ಯಾರ ಮನೆಯವು? ಆಕೆ ನರ್ಸಮ್ಮನ್ನ ಕೇಳಿದ್ಲು. ‘ಯಾರದೋ’ ಅಂತ ಹೇಳಿ ನರ್ಸಮ್ಮ ಬಾಗಿಲು ಹಾಕಿದ್ಲು. ಹಿಂದಿನ ಬೀದಿಯವು ಇರಬೇಕು ಅಂದ್ಕೊಂಡು ಸುಮ್ಮನಾದ್ಲು ಆಕೆ. ಮಗ ದಿನಾ ಆಡೋಕೆ ಹೋಗ್ತಿದ್ದ, ಗೋಡೆಗೆ ಒರಗಿ ನಿಂತು ಬರೀ ನೋಡ್ತಿದ್ದ, ಆದ್ರೂ ಹೋಗ್ತಿದ್ದ. ಅದೇ ಆಕೆಗೆ ಹಬ್ಬ. ಗಂಡ ಕೆಲಸದಿಂದ ಬರೋವಾಗ ಅವನ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಬರ್ತಿದ್ದ. ಹಾಗಾಗಿ ಆಕೆ ಒಂದು ವಿಷಯ ಗಮನಿಸಲೇ ಇಲ್ಲ. ಕೂದಲೆಳೆ ಕಾಣೋ ಕಣ್ಣಿಗೆ ಎದುರಿಗಿದ್ದದ್ದು ಕಾಣಲಿಲ್ಲ. ತಾಯಿ, ನೀವು ಹೇಳಿ... ಮಕ್ಕಳಾಡೋ ಬೀದೀಲಿ ಕತ್ತಲಾಗ್ತಿದ್ದ ಹಾಗೆ ಏನು ಕೇಳಿಸುತ್ತೆ?”

ಹೆಂಡತಿ ಸ್ವಲ್ಪ ಯೋಚಿಸಿದಳು. “ಅಮ್ಮಂದಿರು ಕೂಗ್ತಾರೆ. ಒಳಗೆ ಬನ್ನಿ ಅಂತ.”

“ಹಾಂ. ಆ ಬೀದೀಲಿ ಯಾರೂ ಯಾರನ್ನೂ ಕೂಗ್ತಿರಲಿಲ್ಲ.”

ಅಜ್ಜ ಮಂಡಿ ನೀವಿಕೊಂಡ.

“ಒಂದು ದಿನ ಗಂಡ ಬರೋದು ತಡವಾಯ್ತು. ಆಕೆ ಒಲೆ ಮುಂದೆ ನಿಂತಿದ್ಲು, ಹಾಲು ಉಕ್ಕೋ ಹಾಗಿತ್ತು, ಬಿಟ್ಟು ಬರೋಕಾಗಲಿಲ್ಲ. ನಿಂತಲ್ಲಿಂದಲೇ, ತನ್ನ ತಾಯಿ ತನ್ನನ್ನ ಕೂಗ್ತಿದ್ದ ಹಾಗೆ ಕೂಗಿದ್ಲು. ‘ಬಾರೋ ಮಗಾ, ಕತ್ತಲಾಯ್ತು, ಒಳಗೆ ಬಾ’ ಅಂತ. ಅಷ್ಟೇ ಅಂದದ್ದು. ಬೀದಿಯ ಸದ್ದು ಕತ್ತರಿಸಿದ ಹಾಗೆ ನಿಂತುಹೋಯ್ತು. ಆಮೇಲೆ ಅತ್ತ ಇತ್ತ ಮನೆಗಳ ಚಿಲಕ ಹಾಕೋ ಸದ್ದು, ಒಂದಾದ ಮೇಲೆ ಒಂದು. ಆಮೇಲೆ ಹುಡುಗ ಬಂದ, ಬಾಗಿಲು ಹಾಕ್ದ, ಕೈ ತೊಳ್ಕೊಂಡು ಊಟಕ್ಕೆ ಕೂತ. ‘ಆಟ ಚೆನ್ನಾಗಿತ್ತಾ?’ ಅಂದ್ಲು ಆಕೆ, ಬೆನ್ನು ಹಾಕಿಕೊಂಡೇ. ‘ತುಂಬಾ ಚೆನ್ನಾಗಿತ್ತಮ್ಮ’ ಅಂದ. ಆಕೆಗೆ ಖುಷಿಯೋ ಖುಷಿ.

“ಅಷ್ಟರಲ್ಲಿ ಬಾಗಿಲ ಹತ್ರ ಒಂದು ದನಿ. ‘ಅಮ್ಮಾ... ಬಾಗಿಲು ತೆಗಿ.’

“ಮಗನ ದನಿ. ಪಿಸುದನಿ. ಆಕೆ ತಿರುಗಿ ನೋಡಿದ್ಲು. ಮಗ ಅಲ್ಲೇ ಕೂತು ಊಟ ಮಾಡ್ತಿದಾನೆ. ಅದೇ ಅಂಗಿ, ಮಂಡಿ ಮೇಲೆ ಅದೇ ತರಚು ಗಾಯ. ಹಲ್ಲು ನೋಡಿದ್ಲಂತೆ, ಅದು ಆಕೆಯ ಕಸುಬಲ್ಲವಾ... ಮುಂದಿನ ಹಲ್ಲಿನ ಓರೆ ಕೂಡ ಅದೇ. ‘ತೆಗೀಬೇಡಮ್ಮ, ಅವರು ಹಾಗೇ ಅಣಕಿಸೋದು’ ಅಂದ ಒಳಗಿದ್ದವನು. ಹೊರಗಿನ ದನಿ ಮತ್ತೆ, ‘ಅಮ್ಮಾ, ಒಳಗೆ ಯಾರು ಬಂದ್ರು?’ ಅಂತು. ಆಕೆ ಬಾಗಿಲ ಹತ್ರ ಓಡಿದ್ಲು. ಬಾಗಿಲಿಗೆ ಬಾಯಿಟ್ಟು ಗಟ್ಟಿಯಾಗಿ ಕೇಳಿದ್ಲು, ‘ನೀನು ನನ್ನ ಮಗನಾದ್ರೆ ಹೇಳು, ಹಳೇ ಶಾಲೇಲಿ ನಿನ್ನನ್ನ ಏನಂತ ಕರೀತಿದ್ರು?’

“ಹೊರಗೆ ಮಾತಿಲ್ಲ. ಉಸಿರು ಮಾತ್ರ ಕೇಳಿಸ್ತು. ಒಳಗಿದ್ದವನು ತಟ್ಟನೆ, ‘ಮೂಗ ಅಂತ’ ಅಂದ, ಒಂದೇ ಉಸಿರಿಗೆ, ಗಂಟೆ ಹೊಡೆದ ಹಾಗೆ. ಆಕೆ ಅವನನ್ನ ಅಪ್ಪಿಕೊಂಡ್ಲು. ಚಿಲಕ ಹಾಕಿದ್ಲು.

“ಅರ್ಥ ಆಯ್ತಾ? ಗಟ್ಟಿಯಾಗಿ ಕೇಳಿದ್ರೆ ಆಕೆ ಮಗ ಯಾವತ್ತಾದ್ರೂ ಬಾಯಿ ಬಿಟ್ಟಿದ್ದನಾ? ಉತ್ತರ ಕೊಟ್ಟವನನ್ನ ಒಳಗಿಟ್ಕೊಂಡು, ಉತ್ತರ ಕೊಡಲಾಗದವನನ್ನ ಹೊರಗೆ ಹಾಕಿದ್ಲು. ಮಗ ಮಾತಾಡ್ಲಿ ಅಂತ ಅಷ್ಟು ಹಂಬಲಿಸಿದ ತಾಯಿ... ಮಾತಾಡಿದವನೇ ಮಗ ಅಂತ ನಂಬಿಬಿಟ್ಲು.”

ಮಳೆ ಇನ್ನಷ್ಟು ಜೋರಾಯಿತು. ಹೆಂಡತಿ ಮಗಳ ತಲೆಯ ಮೇಲೆ ಕೈಯಿಟ್ಟಳು. ಅಜ್ಜ ಅದನ್ನು ನೋಡಿಯೂ ನೋಡದವನಂತೆ ಮುಂದುವರಿಸಿದ.

“ಗೊತ್ತಾದದ್ದು ಮಾರನೇ ಸಾಯಂಕಾಲ. ಮಗ ಒಳಗೆ ಅಪ್ಪನ ಜೊತೆ ಪಟಪಟ ಮಾತಾಡ್ತಾ ಕೂತಿದ್ದ. ಕಿಟಕೀಲಿ ನೋಡಿದ್ರೆ, ಆಡೋ ಮಕ್ಕಳ ಆಚೆ, ಗೋಡೆಗೆ ಒರಗಿ ಒಬ್ಬ ನಿಂತಿದಾನೆ. ನಿನ್ನೆಯ ಅಂಗಿ. ಆಕೆ ಬರಿಗಾಲಲ್ಲಿ ಓಡಿದ್ಲು, ಕೈ ಚಾಚಿದ್ಲು. ಅವನು ಎರಡೂ ಕೈ ಬೆನ್ನ ಹಿಂದೆ ಇಟ್ಕೊಂಡ. ಬಾಚಿ ತಬ್ಬಿದ್ರೆ ತೋಳಿಗೆ ಏನೂ ಸಿಗಲಿಲ್ಲ. ಅವನು ಇನ್ನೊಂದು ಕಡೆ ನಿಂತು ಆಕೆಯನ್ನೇ ನೋಡ್ತಿದ್ದ, ಶತ್ರುವನ್ನ ನೋಡಿದ ಹಾಗೆ.

“ಆವಾಗ ಎದುರುಮನೆ ನರ್ಸಮ್ಮ ಹೊರಗೆ ಬಂದ್ಲು. ‘ಹಾಗೆಲ್ಲ ಸಿಗಲ್ಲಮ್ಮ,’ ಅಂದ್ಲು. ‘ನಿಮ್ಮ ಮನೇಲಿ ಅವನ ಜಾಗ ತುಂಬಿದೆ. ಇನ್ಯಾರಾದ್ರೂ ಹೊಸಬರು ತಮ್ಮ ಮಗುವನ್ನ ಕೂಗಬೇಕು, ಆವಾಗ ಒಳಗೆ ಹೋಗ್ತಾನೆ.’ ‘ನಿಮಗೆ ಗೊತ್ತಿತ್ತಾ? ಗೊತ್ತಿದ್ದೂ ನನಗ್ಯಾಕೆ ಹೇಳಲಿಲ್ಲ?’ ಅಂತ ಈಕೆ ಅವಳ ಎರಡೂ ತೋಳು ಹಿಡಿದು ಅಲುಗಿಸಿದ್ಲು. ನರ್ಸಮ್ಮ ಬಿಡಿಸ್ಕೊಳ್ಳಲಿಲ್ಲ. ‘ಎಷ್ಟೋ ವರ್ಷ ಈ ಕಿಟಕೀಲಿ ನಿಂತಿದ್ದೆ’ ಅಂದ್ಲು. ‘ನಿನ್ನೆ ನಿಮ್ಮನೆಗೆ ಬಂದದ್ದು ನನ್ನ ಮಗ. ಅವನಿಗೆ ಕತ್ತಲು ಅಂದ್ರೆ ಭಯ. ದೀಪ ಆರಿಸಬೇಡಿ.’

“ಇದನ್ನೆಲ್ಲ ಆಕೆ ನನಗೆ ಹೇಳಿದ್ದು, ಗಂಡ ಮನೆ ಬದಲಾಯಿಸ್ತೀನಿ ಅಂತ ನನ್ನನ್ನ ಕರೆಸಿದಾಗ. ಹೆಂಡತಿಗೆ ತಲೆ ಕೆಟ್ಟಿದೆ, ಜಾಗ ಬದಲಾದ್ರೆ ಸರಿ ಹೋಗ್ತಾಳೆ ಅಂತ ಅವನ ಲೆಕ್ಕ. ಆಕೆ ಹೊಸ್ತಿಲ ಮೇಲೆ ಕೂತು ಒಂದು ಕುರ್ಚಿ ಎತ್ತೋಕೂ ಬಿಡಲಿಲ್ಲ. ‘ನನ್ನ ಮಗನ್ನ ಬೀದೀಲಿ ಬಿಟ್ಟು ನಾನೆಲ್ಲಿಗೆ ಬರ್ಲಿ?’ ಅಂದ್ಲು. ಹುಚ್ಚು ಅಂತ ನಾನೂ ಅಂದ್ಕೊಂಡೆ. ಅಷ್ಟರಲ್ಲಿ ಆ ಹುಡುಗ ಒಳಗಿಂದ ಬಂದು, ‘ಅಜ್ಜಾ, ನೀರು ಬೇಕಾ? ಮೊದಲ ಸಲ ಬಂದಾಗ ನಮ್ಮನೇಲಿ ಕೊಡಲಿಲ್ಲ, ಬೇಜಾರು ಮಾಡ್ಕೋಬೇಡಿ’ ಅಂದ. ನಾನು ಮೊದಲ ಸಲ ನೀರು ಕೇಳಿದ್ದು ಯಾರ ಮನೇಲಿ? ಖಾಲಿ ಲಾರಿ ಹತ್ತಿ ವಾಪಸ್ ಬಂದೆ.

“ಆಮೇಲೆ ಎಷ್ಟೋ ವರ್ಷ ಆ ಕಡೆ ತಲೆ ಹಾಕಲಿಲ್ಲ. ಈಚೆಗೆ, ಈ ಮಳೆಗಾಲ ಶುರುವಾಗೋ ಮುಂಚೆ, ಒಂದು ಲೋಡು ಬಂತು. ಹೋದ ಮೇಲೆ ಗೊತ್ತಾಯ್ತು, ಅದೇ ಬೀದಿ. ಹೊಸ ಸಂಸಾರ, ಚಿಕ್ಕ ಮಗ, ವಾಚಾಳಿ ಅಂದ್ರೆ ವಾಚಾಳಿ. ಸಾಮಾನು ಇಳಿಸೋ ಹೊತ್ತಿಗೇ ಬೀದಿ ಮಕ್ಕಳ ಜೊತೆ ಸೇರ್ಕೊಂಡಿದ್ದ. ನಾನು ಹುಡುಗರ ಕೈಲಿ ಫ್ರಿಜ್ಜು ಹೊರಿಸಿ ಹೊರಗಿನ ಮಹಡಿ ಮೆಟ್ಟಿಲು ಹತ್ತಿಸ್ತಿದ್ದೆ, ಮೇಲಿಂದ ಹುಡುಗನ ತಾಯಿ ಬಗ್ಗಿ ಕೂಗೇಬಿಟ್ಲು. ‘ಬಾರೋ ಕಂದಾ, ಒಳಗೆ ಬಾ’ ಅಂತ.

“ಸದ್ದು ನಿಂತುಹೋಯ್ತು. ಚಿಲಕಗಳು ಬಿದ್ವು. ನಮ್ಮ ಹಲ್ಲಿನ ಲ್ಯಾಬಿನಾಕೆ ತನ್ನ ಗೇಟಲ್ಲಿ ನಿಂತಿದ್ಲು. ತಲೆಯೆಲ್ಲ ಬೆಳ್ಳಗಾಗಿದೆ. ಆಕೆ ಒಂದು ಮಾತು ಕೂಗಿದ್ರೆ ಸಾಕಿತ್ತು, ‘ಅದು ನಿಮ್ಮ ಮಗ ಅಲ್ಲ’ ಅಂತ. ಬಾಯಿ ತೆರೆದದ್ದನ್ನ ನಾನೇ ನೋಡಿದೆ. ಅಷ್ಟರಲ್ಲಿ ಗೋಡೆ ಹತ್ರದಿಂದ ಒಬ್ಬ ಹುಡುಗ ಹೊರಟ, ಅದೇ ಹಳೇ ಅಂಗಿ, ಅಂದಿನಷ್ಟೇ ಎತ್ತರ. ಹತ್ತು ಹೆಜ್ಜೆ ಬರೋದರೊಳಗೆ ಅಂಗಿ ಬದಲಾಗಿತ್ತು, ಮುಖ ಬದಲಾಗಿತ್ತು. ‘ಬಂದೇ ಅಮ್ಮಾ’ ಅಂದ. ಎಷ್ಟು ಸ್ಪಷ್ಟವಾಗಿ ಅಂದ ಗೊತ್ತಾ? ಆಕೆ ತೆರೆದ ಬಾಯಿ ಮುಚ್ಚಿಕೊಂಡ್ಲು. ಮಗ ಆ ಮನೆಯೊಳಗೆ ಹೋಗೋತನಕ ಕಣ್ಣು ಮಿಟುಕಿಸದೆ ನೋಡಿದ್ಲು, ಆಮೇಲೆ ಒಳಗೆ ಹೋಗಿ ಎಲ್ಲರ ಹಾಗೆ ಚಿಲಕ ಹಾಕ್ಕೊಂಡ್ಲು. ಇನ್ನೇನು ಮಾಡಬೇಕಿತ್ತು ಅಂತೀರಿ? ಬೀದೀಲಿ ನಿಂತವನು ನಿಮ್ಮ ಮಗ ಆಗಿದ್ರೆ, ತಾಯಿ, ನೀವು ಕೂಗ್ತಿದ್ರಾ?”

ಹೆಂಡತಿ ನಿದ್ದೆಯಲ್ಲಿದ್ದ ಮಗಳನ್ನು ಎದೆಗೆ ಒತ್ತಿಕೊಂಡಳು. ಗಂಡ, “ಆ ಮೇಲಿನ ಮನೆಯವರು?” ಎಂದು ಕೇಳಿದ.

“ಅವರಾ?” ಹಗ್ಗದಜ್ಜ ನಿಧಾನವಾಗಿ ಎದ್ದು ನಿಂತ. “ಮೊದಮೊದಲು ಫೋನು ಮಾಡ್ತಿದ್ರು. ಏರಿಯಾ ತುಂಬಾ ಚೆನ್ನಾಗಿದೆ, ಹುಡುಗ ಹೇಳಿದ ಮಾತು ಕೇಳ್ತಾನೆ ಅಂತ. ಆಮೇಲೆ ಸ್ವಲ್ಪ ದಿನ ಸದ್ದಿಲ್ಲ. ಈಗ ದಿನಾ ಮಾಡ್ತಾರೆ. ನಗು ಇಲ್ಲ, ಸುದ್ದಿ ಇಲ್ಲ, ಒಂದೇ ಮಾತು. ‘ಅಜ್ಜಾ, ನಮ್ಮ ಪಕ್ಕದ ಮನೆ ಖಾಲಿ ಇದೆ. ಮಕ್ಕಳಿರೋರು ಯಾರಾದ್ರೂ ಬಂದಿದಾರಾ?’ ಅಂತಾರೆ. ಇವತ್ತು ಬೆಳಿಗ್ಗೆಯೂ ಕೇಳಿದ್ರು.”