ಒಂದೇ ಅಜ್ಜಿಯ ಹನ್ನೊಂದು ಸಾವಿರ ಭೇಟಿ

ನಾನು, ನಮ್ಮ ಕಟ್ಟಡದಲ್ಲಿ ಎಲ್ಲರೂ ಟೀಚರಮ್ಮ ಎಂದು ಕರೆಯುವವಳು, ವಯಸ್ಸು 67 ವರ್ಷ, ನಿವೃತ್ತ ಇತಿಹಾಸ ಶಿಕ್ಷಕಿ, ವಾಸ ಬಸ್ ಡಿಪೋ ಹಿಂದಿನ ರಸ್ತೆಯ ನಾಲ್ಕು ಮಹಡಿಯ ಕಟ್ಟಡದ ಮೊದಲನೇ ಮಹಡಿ, ಸದರಿ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷೆ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುತ್ತಿರುವುದೇನೆಂದರೆ,

ಹೋದ ವರ್ಷ ಜೂನ್ ತಿಂಗಳಲ್ಲಿ ಒಂದು ದೊಡ್ಡ ಕಂಪನಿಯವರು ನಮ್ಮ ಗೇಟಿಗೆ ಯಂತ್ರವೊಂದನ್ನು ಪುಕ್ಕಟೆಯಾಗಿ ಅಳವಡಿಸಿಕೊಟ್ಟರು. ಒಳಗೆ ಬರುವ ಪ್ರತಿಯೊಬ್ಬರೂ ಅದರೆದುರು ಮುಖ ಹಿಡಿದು, ತಮ್ಮ ಹೆಸರನ್ನೂ ಯಾರ ಮನೆಗೆ ಎಂಬುದನ್ನೂ ಒತ್ತಬೇಕು. ಆಮೇಲೆ ಗೇಟು ತೆರೆಯುತ್ತದೆ. ಸಂಘದ ಸಭೆಯಲ್ಲಿ ನಾನು ಇದನ್ನು ವಿರೋಧಿಸಿದೆ. ಕಾರ್ಯದರ್ಶಿಯವರು "ಪುಕ್ಕಟೆ ಕೊಡ್ತಾರಲ್ಲ ಟೀಚರಮ್ಮ, ನಮ್ದೇನು ಹೋಗುತ್ತೆ?" ಎಂದು ಕೇಳಿದರು. ನಾನೂ ಅದನ್ನೇ ಕೇಳುತ್ತಿದ್ದೇನೆ ಎಂದೆ. ಎಲ್ಲರೂ ನಕ್ಕರು. ಯಂತ್ರ ಬಂತು.

ನನ್ನ ತಂದೆಯವರ ಕಾಲದಲ್ಲಿ ಯಾರ ಮನೆಗೆ ಯಾರು ಬಂದರೆಂದು ತಿಳಿಯಬೇಕಾದರೆ ಸರ್ಕಾರವು ಒಬ್ಬನಿಗೆ ಸಂಬಳ ಕೊಟ್ಟು ಬೀದಿಯ ತುದಿಯಲ್ಲಿ ನಿಲ್ಲಿಸಬೇಕಾಗಿತ್ತು. ಅವನು ಮಳೆಯಲ್ಲಿ ನೆನೆಯುತ್ತಿದ್ದ. ನನ್ನ ತಾಯಿ ಅವನಿಗೆ ಕುಡಿಯಲು ಬಿಸಿನೀರು ಕಳಿಸಿದ್ದೂ ಉಂಟು. ಈಗ ಆ ಕೆಲಸಕ್ಕೆ ನಾವೇ ಗೋಡೆ ಕೊಟ್ಟು, ಕರೆಂಟು ಕೊಟ್ಟು, ಒಪ್ಪಿದ್ದೇವೆಂದು ಗುಂಡಿಯನ್ನೂ ಒತ್ತಿಕೊಟ್ಟೆವು. ಹಿಂದಿನ ರಾಜರೂ ಗೂಢಚಾರರನ್ನು ಸಾಕುತ್ತಿದ್ದರೆಂದು ಪಾಠ ಮಾಡಿದ್ದೇನೆ. ಅವರಾದರೂ ಅದನ್ನು ಪ್ರಜೆಗಳ ಸೇವೆ ಎಂದು ಕರೆದುಕೊಳ್ಳಲಿಲ್ಲ. (ಇಲ್ಲಿ ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಅವರು "ಅಮ್ಮಾ, ಇತಿಹಾಸ ಸಾಕು, ನಡೆದದ್ದು ಹೇಳಿ" ಎಂದಿರುತ್ತಾರೆ. ಇದೂ ನಡೆದದ್ದೇ ಆದ್ದರಿಂದ ತೆಗೆಯಬಾರದೆಂದು ಕೋರಿರುತ್ತೇನೆ.)

ಡಿಸೆಂಬರ್ ತಿಂಗಳಲ್ಲಿ ಎರಡನೇ ಮಹಡಿಯ ನಿವಾಸಿಯೊಬ್ಬರ ತಂಗಿ, ಬಟ್ಟೆ ಹೊಲಿಯುವ ಕೆಲಸದವಳು, ಗಂಡ ಹೊಡೆದು ಆಕೆಯ ಎಡ ಮುಂಗೈ ಮುರಿದಿದ್ದರಿಂದ ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದು ಉಳಿದಳು. ಕಟ್ಟಡದವರೆಲ್ಲ ಆಕೆಯನ್ನು ಟೈಲರಕ್ಕ ಎನ್ನುತ್ತೇವೆ. ಎಲ್ಲಿದ್ದಾಳೆಂದು ಗಂಡನಿಗೆ ತಿಳಿಯಬಾರದೆಂದು ಆಕೆ ಊರನ್ನೇ ಬದಲಿಸಿದ್ದಳು, ಫೋನನ್ನು ಬಿಟ್ಟೇ ಬಂದಿದ್ದಳು. ಆದರೆ ಬಟ್ಟೆಯ ಚೀಲ ಹಿಡಿದು ಹೊರಗೆ ಹೋಗಿ ಬಂದಾಗಲೆಲ್ಲ ಗೇಟಿನ ಯಂತ್ರಕ್ಕೆ ಮುಖ ತೋರಿಸುತ್ತಿದ್ದಳು. ತೋರಿಸದಿದ್ದರೆ ಗೇಟು ತೆರೆಯುತ್ತಿರಲಿಲ್ಲ.

ಫೆಬ್ರವರಿ 11ರಂದು ಸಂಜೆ 6.20ಕ್ಕೆ ಆ ಗಂಡ ನಮ್ಮ ಗೇಟಿಗೆ ಬಂದನು. ಅವನ ಫೋನಿನಲ್ಲಿ ಅದೇ ಕಂಪನಿಯ ಚಿತ್ರಗಳ ಆಲ್ಬಂ ಇತ್ತು. ಅದು ತಾನಾಗಿಯೇ "ನಿಮಗೆ ಗೊತ್ತಿರುವ ಮುಖ" ಎಂದು ಗೇಟಿನ ಯಂತ್ರ ತೆಗೆದ ಆಕೆಯ ಹೊಸ ಚಿತ್ರವನ್ನು ಅವನಿಗೆ ಒಪ್ಪಿಸಿತ್ತು. ಆಕೆಯ ಬೆನ್ನ ಹಿಂದೆ ನಮ್ಮ ಗೋಡೆ, ಗೋಡೆಯ ಮೇಲೆ ನಮ್ಮ ಕಟ್ಟಡದ ನಂಬರು, ರಸ್ತೆ, ಊರು. ಟೈಲರಕ್ಕ ಆಗ ನನ್ನ ಮನೆಯಲ್ಲಿ ಕುಳಿತು ಪರದೆಯ ಅಂಚು ಹೊಲಿಯುತ್ತಿದ್ದಳು. ಗೇಟಿನ ಕಡೆಯಿಂದ ಕೂಗು ಕೇಳಿದಾಗ ಸೂಜಿ ಬೆರಳಿಗೆ ಹೊಕ್ಕಿತು. ಆಕೆ ಅದನ್ನು ತೆಗೆಯಲಿಲ್ಲ, ನಾನು ತೆಗೆದೆ. ಗೇಟಿನ ಕಾವಲುಗಾರರು, ನಾವೆಲ್ಲ ದೊಡ್ಡಣ್ಣ ಎನ್ನುವವರು, ಅಡ್ಡ ನಿಂತರು. ಅವನು ಹೆಲ್ಮೆಟ್ಟಿನಿಂದ ಹೊಡೆದದ್ದರಿಂದ ಅವರ ಹುಬ್ಬಿಗೆ ಮೂರು ಹೊಲಿಗೆ ಬಿದ್ದವು. ಈ ಬಗ್ಗೆ ಇದೇ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಅವನ ಮೇಲೆ ಮಾತ್ರ. ವಿಳಾಸ ಕೊಟ್ಟವರ ಮೇಲೆ ಅಲ್ಲ.

ನಾನು ಕಂಪನಿಗೆ ಮೂರು ಸಲ ಬರೆದೆ. ಮೊದಲ ಎರಡಕ್ಕೆ ನಮ್ಮ ಸುರಕ್ಷತೆಯೇ ಅವರ ಉಸಿರೆಂದು ಉತ್ತರ ಬಂತು. ಮೂರನೆಯದಕ್ಕೆ, ಈ ಉತ್ತರಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರಿ ಎಂದು ಕೇಳಿದರು. ಯಂತ್ರವನ್ನು ಕಳಚಿ ಎಂದರೆ, ಗೇಟಿನ ಮೋಟಾರೂ ಅವರದೇ, ಕಳಚಿದರೆ ಗೇಟೇ ತೆರೆಯುವುದಿಲ್ಲ, ಮೂರು ವರ್ಷದ ಒಪ್ಪಂದವಿದೆ ಎಂದರು.

ಫೆಬ್ರವರಿಯ ಕೊನೆಯ ಭಾನುವಾರ ಸಭೆ ಸೇರಿತು. ಈ ಸಲ ಯಾರೂ ನಗಲಿಲ್ಲ. ಟೈಲರಕ್ಕ ಬೇರೆ ಊರಿಗೆ ಹೋಗುತ್ತೇನೆಂದಳು. ಆಗ ಮೂರನೇ ಮಹಡಿಯ ಅಜ್ಜಿ, ವಯಸ್ಸು 84, ಎದ್ದು ನಿಂತು, "ನೀನ್ಯಾಕೆ ಹೋಗ್ತೀಯೇ? ಯಾರು ಬಂದ್ರೂ ಆ ಯಂತ್ರಕ್ಕೆ ನನ್ನ ಮುಖಾನೇ ತೋರ್ಸಿ. ಈ ವಯಸ್ಸಲ್ಲಿ ನನ್ನ ಹುಡುಕ್ಕೊಂಡು ಯಾವ ಗಂಡ ಬರ್ತಾನೆ ನೋಡೇಬಿಡೋಣ" ಎಂದರು. ಅವರ ಸೊಸೆ "ಅತ್ತೆ, ಸುಮ್ನೆ ಕೂತ್ಕೊಳ್ಳಿ" ಎಂದು ಸೆರಗು ಜಗ್ಗಿದರು. ಅಜ್ಜಿ ಕೂರಲಿಲ್ಲ. ಇಪ್ಪತ್ತನಾಲ್ಕು ಮನೆಯವರೂ ಕೈ ಎತ್ತಿದರು. ನಮ್ಮ ಸಂಘದಲ್ಲಿ ನೀರಿನ ಟ್ಯಾಂಕಿನ ಬಣ್ಣಕ್ಕೂ ಎಲ್ಲರೂ ಒಟ್ಟಿಗೆ ಕೈ ಎತ್ತಿದ್ದನ್ನು ನಾನು ಕಂಡಿಲ್ಲ.

ಅಜ್ಜಿಯ ಮುಖದ ಚಿತ್ರವನ್ನು ನಿಜವಾದ ಅಳತೆಗೆ ದೊಡ್ಡದು ಮಾಡಿಸಿ, ರಟ್ಟಿಗೆ ಅಂಟಿಸಿ, ನಾನೇ ದೊಡ್ಡಣ್ಣನ ಕೈಗೆ ಕೊಟ್ಟೆ. ಯಾರು ಬಂದರೂ ದೊಡ್ಡಣ್ಣ ಮೊದಲಿನಿಂದ ಮಾಡುತ್ತಿದ್ದಂತೆ ಮನೆಯವರಿಗೆ ಫೋನ್ ಮಾಡಿ ಕೇಳುತ್ತಿದ್ದರು. ಅವರು ಹೂಂ ಎಂದರೆ ಅಜ್ಜಿಯ ಹೆಸರು ಒತ್ತಿ, ಯಂತ್ರಕ್ಕೆ ಅಜ್ಜಿಯನ್ನು ತೋರಿಸಿ ಒಳಗೆ ಬಿಡುತ್ತಿದ್ದರು. ಹಾಲಿನವರು, ಕೊಳಾಯಿಯವರು, ಟೈಲರಕ್ಕನ ವಕೀಲರು, ಎಲ್ಲರೂ ಅಜ್ಜಿಯೇ. ಈ ನಾಲ್ಕು ತಿಂಗಳಲ್ಲಿ ಕಟ್ಟಡದಲ್ಲಿ ಒಂದು ಚಪ್ಪಲಿಯೂ ಕಳುವಾಗಿಲ್ಲ.

ಯಂತ್ರಕ್ಕೆ ಯಾವ ಅನುಮಾನವೂ ಬರಲಿಲ್ಲ. ಅಜ್ಜಿ ದಿನಕ್ಕೆ ತೊಂಬತ್ತು ಸಲ ಒಳಗೆ ಬಂದು ಒಮ್ಮೆಯೂ ಹೊರಗೆ ಹೋಗದಿರುವುದು ಅದಕ್ಕೆ ವಿಚಿತ್ರವೆನಿಸಲಿಲ್ಲ. ಏಪ್ರಿಲ್‌ನಲ್ಲಿ ಸೊಸೆಯ ಫೋನಿಗೆ ಅಜ್ಜಿಯ ಚುರುಕಾದ ಜೀವನಶೈಲಿಯನ್ನು ಅಭಿನಂದಿಸಿ ಓಟದ ಶೂಗಳ ಜಾಹೀರಾತು ಬಂತು. ಮೇ ತಿಂಗಳಲ್ಲಿ, ಮನೆಮನೆಗೆ ಸಾಮಾನು ತಲುಪಿಸುವ ಕೆಲಸಕ್ಕೆ ಸೇರುವಿರಾ ಎಂದು ಕೇಳಿದರು. ಅಜ್ಜಿ, "ಗಾಡಿ ಅವರೇ ಕೊಡ್ತಾರಾ ಕೇಳೇ" ಎಂದು ಸೊಸೆಗೆ ಹೇಳಿದರು.

ಈ ತಿಂಗಳ 3ರಂದು ಬೆಳಿಗ್ಗೆ ಅಜ್ಜಿ ಹೊಸದಾಗಿ ಹಲ್ಲಿನ ಸೆಟ್ ಕಟ್ಟಿಸಿಕೊಂಡು ಆಟೋದಲ್ಲಿ ಹಿಂದಿರುಗಿದರು. ಆ ದಿನ ದೊಡ್ಡಣ್ಣನಿಗೆ ರಜೆ. ಬದಲಿ ಕಾವಲುಗಾರನಿಗೆ ನಮ್ಮ ಏರ್ಪಾಡು ತಿಳಿದಿರಲಿಲ್ಲ. ಅವನು ಅಜ್ಜಿಯ ಹೆಸರು ಕೇಳಿ ಯಂತ್ರದಲ್ಲಿ ಒತ್ತಿ, ನಿಜವಾದ ಅಜ್ಜಿಯ ನಿಜವಾದ ಮುಖವನ್ನೇ ಯಂತ್ರದೆದುರು ನಿಲ್ಲಿಸಿದನು. ಚಿತ್ರದಲ್ಲಿ ಬೊಚ್ಚು ಬಾಯಿ, ಎದುರಿಗೆ ಬಾಯಿ ತುಂಬ ಹಲ್ಲು. ಇವರು ಅಜ್ಜಿಯಲ್ಲ, ಅಜ್ಜಿಯ ಹೆಸರಿನಲ್ಲಿ ಬಂದಿರುವ ಬೇರೆ ಯಾರೋ ಎಂದು ಯಂತ್ರ ಕೂಗಿಕೊಂಡು ಕಂಪನಿಗೆ ಸುದ್ದಿ ಮುಟ್ಟಿಸಿತು. ಅಜ್ಜಿ ಅದಕ್ಕೆ, "ದಿನಾ ನೂರು ಸಲ ಬಿಡ್ತಿದ್ದೆ, ಹಲ್ಲು ಕಟ್ಟಿಸ್ಕೊಂಡ್ ಬಂದ್ರೆ ಬೇಡವಾದ್ನೇನೋ ಮುಂಡೇದೇ?" ಎಂದು ಬೈದರು. ಅದೂ ದಾಖಲಾಗಿದೆ. ಕಂಪನಿಯವರು ಸಾಕ್ಷ್ಯವಾಗಿ ಸಲ್ಲಿಸಿದ್ದಾರೆ.

ಈ ದಿನ ಬೆಳಿಗ್ಗೆ 10.15ಕ್ಕೆ ಕಂಪನಿಯ ಅಧಿಕಾರಿಯೊಬ್ಬರು ಪೊಲೀಸರೊಂದಿಗೆ ಗೇಟಿಗೆ ಬಂದು, ಒಬ್ಬರದೇ ಮುಖ ಬಳಸಿ ಹನ್ನೊಂದು ಸಾವಿರ ಸುಳ್ಳು ಭೇಟಿಗಳನ್ನು ದಾಖಲಿಸಿ ತಮ್ಮ ಕಂಪನಿಗೆ ವಂಚಿಸಿದ್ದಾರೆಂದು ದೊಡ್ಡಣ್ಣನ ಮೇಲೆ ದೂರು ಕೊಟ್ಟಿರುವುದಾಗಿ ತಿಳಿಸಿದರು. ನಾನು ಚಪ್ಪಲಿ ಮೆಟ್ಟಿ ಇಳಿದು ಬರುತ್ತಲೇ ಅಧಿಕಾರಿಯವರು "ಮೇಡಂ, ಇದೆಲ್ಲ ನಿಮ್ಮ ಸೇಫ್ಟಿಗೇ ಇರೋದು" ಎಂದರು. ನಾನು ದೊಡ್ಡಣ್ಣನ ಹುಬ್ಬು ತೋರಿಸಿ, "ನಿಮ್ಮ ಸೇಫ್ಟಿ ಅಲ್ಲಿದೆ, ಹತ್ತಿರ ಬಂದು ನೋಡ್ಕೊಳ್ಳಿ" ಎಂದೆ. ಅವರು ಬರಲಿಲ್ಲ. ದೊಡ್ಡಣ್ಣನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಪ್ರಕರಣವಾದರೆ ಕೆಲಸದಿಂದ ತೆಗೆಯುವುದಾಗಿ ಅವರನ್ನು ನೇಮಿಸಿರುವ ಏಜೆನ್ಸಿಯವರು ಆಗಲೇ ಫೋನ್ ಮಾಡಿ ಹೇಳಿದ್ದಾರೆ.

ಆದ್ದರಿಂದ ಸ್ಪಷ್ಟಪಡಿಸುವುದೇನೆಂದರೆ, ರಟ್ಟು ಮಾಡಿಸಿದವಳು ನಾನು. ತೋರಿಸಿ ಎಂದು ಹೇಳಿದವಳು ನಾನು. ಹಾಗೆ ತೀರ್ಮಾನಿಸಿದ ಸಭೆಯ ಅಧ್ಯಕ್ಷೆಯೂ ನಾನು. ಪ್ರಕರಣ ಬರೆಯುವುದಿದ್ದರೆ ನನ್ನ ಮೇಲೆ ಬರೆಯಿರಿ. ಇದಕ್ಕಾಗಿ ನನಗೆ ನಾಚಿಕೆಯಿಲ್ಲ. ಮೂವತ್ತೊಂದು ವರ್ಷ ಪಾಠ ಮಾಡಿದ್ದರಲ್ಲಿ ಒಂದಾದರೂ ಕೆಲಸಕ್ಕೆ ಬಂತೆಂದು ಹೆಮ್ಮೆಯಿದೆ.

ಆ ನಾಲ್ಕು ತಿಂಗಳಲ್ಲಿ ಎರಡನೇ ಮಹಡಿಗೆ, ಎಂದರೆ ಟೈಲರಕ್ಕ ಇರುವ ಮನೆಗೆ, ನಿಜವಾಗಿ ಬಂದು ಹೋದವರು ಯಾರೆಂದು ಹೇಳಿದರೆ ದೊಡ್ಡಣ್ಣನನ್ನು ಬಿಡಬಹುದೆಂದೂ, ಕಂಪನಿಯವರು ಅಷ್ಟನ್ನೇ ಕೇಳುತ್ತಿದ್ದಾರೆಂದೂ ಇನ್‌ಸ್ಪೆಕ್ಟರ್ ಅವರು ತಿಳಿಸಿದರು. ದೊಡ್ಡಣ್ಣನನ್ನು ಬೆಳಗಿನಿಂದ ಇದನ್ನೇ ಕೇಳಿದ್ದಾರೆ. ಅವರು "ಅಜ್ಜಿ ಬಂದಿದ್ರು ಸಾರ್" ಎನ್ನುವುದನ್ನು ಬಿಟ್ಟು ಬೇರೇನೂ ಹೇಳಿಲ್ಲ. ನನ್ನ ಜ್ಞಾಪಕಶಕ್ತಿ ಚೆನ್ನಾಗಿದೆ, ಬಂದವರೆಲ್ಲರೂ ನನಗೆ ಗೊತ್ತು. ಹೇಳುವುದಿಲ್ಲ. ಬರೆದುಕೊಳ್ಳಿ: ಅಜ್ಜಿ ಬಂದಿದ್ದರು.

ಮಧ್ಯಾಹ್ನ 2.40ಕ್ಕೆ, ಯಾರಾದರೂ ಒಬ್ಬರು ಜಾಮೀನು ನಿಂತರೆ ದೊಡ್ಡಣ್ಣನನ್ನು ಕಳಿಸುವುದಾಗಿ ಇನ್‌ಸ್ಪೆಕ್ಟರ್ ಅವರು ಒಪ್ಪಿದರು. ನಾನು ಏಳುವಷ್ಟರಲ್ಲಿ, ಬಾಗಿಲ ಬಳಿ ನಮ್ಮ ಕಟ್ಟಡದವರೊಂದಿಗೆ ಕುಳಿತಿದ್ದ ಟೈಲರಕ್ಕ ಮುಂದೆ ಬಂದು ತನ್ನ ಹೆಸರು ಬರೆದುಕೊಳ್ಳಬೇಕೆಂದಳು. ನಾನು ಬೇಡವೆಂದು ಕೈ ಹಿಡಿದೆ. "ಬಿಡಿ ಟೀಚರಮ್ಮ. ನನಗೋಸ್ಕರ ಹೊಡೆಸ್ಕೊಂಡೋರು ಅವರು. ನನ್ನ ಹೆಸರು ಇವತ್ತು ಯಾರೂ ಕದೀತಿಲ್ಲ, ನಾನೇ ಕೊಡ್ತಿದೀನಿ" ಎಂದಳು. ಹೆಸರು, ತಂದೆಯ ಹೆಸರು, ಮನೆ ನಂಬರು, ಮಹಡಿ, ಒಂದೊಂದನ್ನೂ ಬಿಡಿಸಿ ಹೇಳಿ, ವಾಸಿಯಾದ ಎಡಗೈಯಿಂದ ಕಾಗದ ಒತ್ತಿ ಹಿಡಿದು ಬಲಗೈಯಿಂದ ಸಹಿ ಹಾಕಿದಳು. ಆಕೆಯ ಹೆಸರು ಆ ಜಾಮೀನು ಪತ್ರದಲ್ಲಿದೆ. ಈ ಹೇಳಿಕೆಯಲ್ಲಿ ಇಲ್ಲ.

ಮೇಲೆ ಬರೆದಿರುವುದನ್ನು ನನಗೆ ಓದಿ ಹೇಳಿದ್ದಾರೆ. ಎರಡು ಕಡೆ ಕಾಗುಣಿತ ತಿದ್ದಿಸಿದ್ದೇನೆ. ಉಳಿದದ್ದೆಲ್ಲ ನಡೆದಂತೆಯೇ ಇದೆ, ನಿಜವಿದೆ, ನನ್ನದೇ ಮಾತಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಜೂನ್ 27, ಮಧ್ಯಾಹ್ನ 3.10
ಸಹಿ: (ಟೀಚರಮ್ಮ)